ಸುದ್ದಿ ಮುಟ್ಟಿದ್ದರೆ ಒಂದು ಒತ್ತಿ

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಅಂತ ಯಾರಾದರೂ ಹೇಳಿದರೆ, ಅವರು ಬೀದರಿನ ನಮ್ಮ ಆಫೀಸಿನಲ್ಲಿ ಒಂದು ಬೇಸಿಗೆಯನ್ನೂ ಕಳೆದಿಲ್ಲ ಅಂತಲೇ ತಿಳಿಯಿರಿ. ನಾನು ಕಳೆದಿದ್ದೇನೆ. ವಾರಕ್ಕೊಮ್ಮೆ ಹೌಹಾರುವುದು ನನ್ನ ನೌಕರಿಯ ಭಾಗವೇ ಆಗಿತ್ತು. ಮಿಕ್ಕ ದಿನಗಳಲ್ಲಿ ಅದರಿಂದ ಸುಧಾರಿಸಿಕೊಳ್ಳುತ್ತಿದ್ದೆ.

ಅವು ಬರದ ವರ್ಷಗಳು. ಮಾಂಜ್ರಾ ನದಿಯ ಪಾತ್ರದಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ಹೈದರಾಬಾದಿಗೆ, ಪುಣೆಗೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಉಳಿದವರಿಗೆ ಟ್ಯಾಂಕರ್ ನೀರೇ ಗತಿ. ನಾನಿದ್ದದ್ದು ಆ ಟ್ಯಾಂಕರುಗಳನ್ನು ಓಡಿಸುವ ಒಂದು ಖಾಸಗಿ ಆಫೀಸಿನಲ್ಲಿ. ಹಿಂದಿನ ದಿನವೇ ಪ್ರತಿ ಮನೆಗೂ ಫೋನ್ ಮಾಡಿ ‘ನಾಳೆ ನಿಮ್ಮ ಮನೆಗೆ ನೀರು ಬರುತ್ತದೆ’ ಅಂತ ತಿಳಿಸುವುದು ನಮ್ಮ ಪದ್ಧತಿ. ಮೊದಲು ಈ ಕೆಲಸವನ್ನು ಒಬ್ಬ ಹಿರಿಯ ಕಾರಕೂನರು ಒಬ್ಬರೇ ಮಾಡುತ್ತಿದ್ದರು. ನಾನು ಬಂದು ಅದನ್ನು ಕಂಪ್ಯೂಟರಿಗೆ ಒಪ್ಪಿಸಿದೆ.

ಮಾಡಬೇಕಾದ ಕರೆಗಳೆಲ್ಲ ಕಂಪ್ಯೂಟರಿನೊಳಗೆ ಒಂದು ಪಾಳಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಒಳಗೇ ಎಂಟು ವರ್ಕರ್‌ಗಳು. ಮನುಷ್ಯರಲ್ಲ, ಹಿಂದೆ ಕೂತು ಕೆಲಸ ಮಾಡುವ ಎಂಟು ಪ್ರೋಗ್ರಾಂಗಳು. ಎಂಟೂ ಏಕಕಾಲಕ್ಕೆ ಪಾಳಿಯಿಂದ ಒಂದೊಂದು ಕರೆ ಎತ್ತಿಕೊಂಡು ಡಯಲ್ ಮಾಡುತ್ತವೆ. ಮಶಿನ್ ದನಿ ಮನೆಯವರ ಹೆಸರು ಹೇಳಿ, ನೀರಿನ ಸುದ್ದಿ ಹೇಳಿ, ‘ಸುದ್ದಿ ಮುಟ್ಟಿದ್ದರೆ ಒಂದು ಒತ್ತಿ’ ಅನ್ನುತ್ತದೆ. ಒತ್ತಿದರೆ ಆ ಕೆಲಸ ಮುಗಿಯಿತು. ಒತ್ತದಿದ್ದರೆ ಆ ಕರೆ ಮತ್ತೆ ಪಾಳಿಯ ಕೊನೆಗೆ ಹೋಗಿ ನಿಲ್ಲುತ್ತದೆ. ಇಷ್ಟೇ.

ಮಾಲೀಕರು ಮೊದಲ ದಿನವೇ ಖಡಕ್ಕಾಗಿ ಹೇಳಿದ್ದರು. “ಬ್ಯಾಸಗಿ ಮುಗಿಯೋ ತನಕ ನೋಡ್ತೇನಿ ಮೇಡಂ. ಒಂದೇ ಒಂದು ಊರಾಗರ ಎಲ್ಲಾ ಮನಿಗೂ ಸುದ್ದಿ ಮುಟ್ಟೇದ ಅಂತ ತೋರಸ್ರಿ. ಇಲ್ಲಂದ್ರ ಕಾರಕೂನರ ಫೋನೇ ಬರಾಬರ್, ನಿಮ್ಮ ಕೆಲಸ ಬಂದ್.”

ನನ್ನ ಗಂಡ ದುಡಿಯಲು ಆಗಲೇ ಪುಣೆಗೆ ಹೋಗಿದ್ದರು. ‘ನೌಕರಿ ಹೋದರ ಮನಿಗಿ ಕೀಲಿ ಹಾಕಿ ಇಲ್ಲಿಗೇ ಬಂದುಬಿಡು’ ಅಂದಿದ್ದರು. ನಮ್ಮ ಓಣಿಯಲ್ಲಿ ಅಷ್ಟೊತ್ತಿಗೆ ನಾಲ್ಕು ಮನೆಗೆ ಕೀಲಿ ಬಿದ್ದಿತ್ತು. ಐದನೆಯದು ನನ್ನದಾಗುವುದು ನನಗೆ ಸುತರಾಂ ಬೇಡವಾಗಿತ್ತು. ಹೀಗಾಗಿ ಮುಂದಿನ ಪ್ರಸಂಗಗಳಲ್ಲಿ ನಗುವವರು ನೀವು, ನಡುಗಿದವಳು ನಾನು.

ಅರ್ಧ ತಾಸಿನ ದಿನ

ಕಾರಕೂನರು ಫೋನ್ ಮಾಡಿದರೆ ಮೊದಲು ಆರಾಮ ವಿಚಾರಿಸುತ್ತಿದ್ದರು. ಮೊಣಕಾಲು ನೋವು, ಎಮ್ಮೆ, ಮಗಳು ಬಾಣಂತನಕ್ಕೆ ಬಂದಳೋ ಇಲ್ಲವೋ, ಎಲ್ಲ ಆದ ಮೇಲೆ ನೀರು. ಎಷ್ಟೋ ಸಲ ನೀರಿನ ಮಾತೇ ಮರೆತು ಇನ್ನೊಮ್ಮೆ ಫೋನ್ ಮಾಡುತ್ತಿದ್ದರು. ನಾನೂರು ಮನೆಗೆ ತಿಳಿಸಲು ಅವರಿಗೆ ಮೂರು ದಿನ ಹಿಡಿಯುತ್ತಿತ್ತು.

ನನ್ನ ಎಂಟು ವರ್ಕರ್‌ಗಳನ್ನು ಮೊದಲ ಸಲ ಬೆಳಿಗ್ಗೆ ಹತ್ತಕ್ಕೆ ಓಡಿಸಿದೆ. ಹತ್ತೂವರೆಗೆ ಮಾಲೀಕರು ಚಹಾ ಕುಡಿದು ಒಳಗೆ ಬಂದರು.

“ಏನ್ ನಡದದ ಮೇಡಂ?”

“ಮುಗೀತ್ರಿ ಸಾಹೇಬ್ರ.”

“ಏನ್ ಮುಗೀತು?”

“ನಾಕನೂರು ಫೋನ್.”

ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಕಾರಕೂನರನ್ನು ನೋಡಿದರು. ಸಂತೋಷಪಡುತ್ತಾರೆ ಅಂತ ನಾನು ಕಾದರೆ ಅವರ ಮುಖ ಬಿಳಿಚಿಕೊಂಡಿತು. “ಹತ್ತಕ್ಕ ಆಫೀಸ್ ತೆಗದೇವಿ, ಹತ್ತೂವರಿಗಿ ಕೆಲಸ ಮುಗೀತಂದ್ರ ಐದರ ತನಕ ಏನ್ ಮಾಡೋದು? ಬಂದು ನೋಡಿದ ಮಂದಿ ಏನ್ ತಿಳೀತಾರ? ಇಲ್ಲಿ ಕೆಲಸನೇ ಇಲ್ಲ ಅಂತಾರ!”

ನಾನು ತಿಳಿಸಿ ಹೇಳಲು ಹೋದೆ. ಅವರು ಕೇಳಲಿಲ್ಲ. ನಾಳೆಯಿಂದ ಒಂದೇ ವರ್ಕರ್ ಓಡಬೇಕು, ಕೆಲಸ ಸರಿಯಾಗಿ ಐದು ಗಂಟೆಗೆ ಮುಗಿಯಬೇಕು ಅಂತ ಹುಕುಂ ಆಯಿತು. “ಉಳದ ಏಳು ಖಾಲಿ ಕುಂತರ ರೊಟ್ಟಿ ಕೇಳ್ತಾವೇನು? ಕುಂದರ್ಲಿ ಬಿಡ್ರಿ,” ಅಂದರು.

ಅವರು ಹೊರಗೆ ಹೋದ ಮೇಲೆ ಕಾರಕೂನರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. “ತಂಗೀ, ನಾ ಇಪ್ಪತ್ತು ವರ್ಷ ಕೆಲಸ ಐದರ ತನಕ ಎಳದೀನಿ. ನಿನ್ನ ಕಂಪ್ಯೂಟರ್ ಕಲಿಯೋದು ಇನ್ನಾ ಭಾಳ ಅದ.”

ಮಿಸ್ ಕಾಲ್

ಬಿಸಿಲೇರಿದ ಹಾಗೆ ಹಳ್ಳಿಗಳು ಹೆಚ್ಚಿದವು. ಒಂದು ವರ್ಕರ್‌ನಿಂದ ಸಾಗದೆ ಎಂಟನ್ನೂ ಮತ್ತೆ ಓಡಿಸಲು ಅಪ್ಪಣೆ ಸಿಕ್ಕಿತು. ಆ ದಿನ ನಾನೊಂದು ಜಾಣತನವನ್ನೂ ಸೇರಿಸಿದೆ. ಯಾರಾದರೂ ನಮ್ಮ ನಂಬರಿಗೆ ತಿರುಗಿ ಫೋನ್ ಮಾಡಿದರೆ, ‘ಇವರಿಗೆ ವಾಪಸ್ ಫೋನ್ ಮಾಡು’ ಅನ್ನುವ ಹೊಸ ಕೆಲಸ ತಾನಾಗಿಯೇ ಪಾಳಿಗೆ ಸೇರಬೇಕು. ಪಾಪ, ಬಡಜನ, ಅವರ ದುಡ್ಡು ಹೋಗಬಾರದು ಅಂತ.

ನಮ್ಮ ಕಡೆ ಜನ ಹೊಸ ನಂಬರಿನ ಫೋನ್ ಬಂದರೆ ಎತ್ತುವುದಿಲ್ಲ ಅನ್ನುವುದನ್ನು ನಾನು ಮರೆತಿದ್ದೆ. ಊರು ಬಿಟ್ಟು ದುಡಿಯಲು ಹೋದವರು ಮನೆಗೆ ಮಿಸ್ ಕಾಲ್ ಕೊಡುತ್ತಾರೆ. ಒಂದು ಕೊಟ್ಟರೆ ಆರಾಮಿದ್ದೇನೆ ಅಂತ, ಎರಡು ಕೊಟ್ಟರೆ ನೀವೇ ಫೋನ್ ಹಚ್ಚಿರಿ ಅಂತ. ನಮ್ಮ ವರ್ಕರ್‌ಗಳು ಒಮ್ಮೆ ಡಯಲ್ ಮಾಡಿದವು, ಯಾರೂ ಎತ್ತಲಿಲ್ಲ. ಪಾಳಿಯ ಕೊನೆಗೆ ಹಾಕಿ ಇನ್ನೊಮ್ಮೆ ಡಯಲ್ ಮಾಡಿದವು. ಎರಡು ಮಿಸ್ ಕಾಲ್! ಅಲ್ಲಿಗೆ ಔರಾದ ತಾಲೂಕಿನ ಅರ್ಧ ಮಂದಿ, ನಮ್ಮವರಿಗೆ ಏನೋ ಆಗಿದೆ ಅಂತ ಗಾಬರಿಯಾಗಿ ನಮಗೆ ಫೋನ್ ಹಚ್ಚಿದರು. ಎಂಟೂ ಲೈನು ತುಂಬಿದವು. ಲೈನು ತುಂಬಿದ್ದರಿಂದ ನಮ್ಮ ಕರೆ ಹೋಗಲಿಲ್ಲ. ಹೋಗದ ಕರೆ ಮತ್ತೆ ಪಾಳಿಗೆ. ಬಂದ ಕರೆಗೊಂದು ಹೊಸ ಕೆಲಸ, ಅದೂ ಪಾಳಿಗೆ.

ಬೆಳಿಗ್ಗೆ ಎಂಟುನೂರು ಇದ್ದ ಪಾಳಿ ಮಧ್ಯಾಹ್ನಕ್ಕೆ ಎರಡು ಸಾವಿರ ದಾಟಿತು. ಮಾಡಿದಷ್ಟೂ ಬೆಳೆಯುವ ಕೆಲಸವನ್ನು ನಾನು ಅದೇ ಮೊದಲ ಸಲ ಕಂಡದ್ದು. ಮಾಲೀಕರು ಪರದೆ ನೋಡಿ, “ಇದೇನ್ರಿ, ಕಂಪ್ಯೂಟರೋ, ನೆನಸಿಟ್ಟ ಹೆಸರುಕಾಳೋ?” ಅಂದರು.

ಕೊನೆಗೆ ಕಾರಕೂನರು ಎದ್ದು ಬಂದು ಒಂದು ಲೈನಿನ ಫೋನ್ ತಾವೇ ಎತ್ತಿದರು. ಆ ಕಡೆಯಿಂದ ಒಬ್ಬ ಹೆಂಗಸು ಗಾಬರಿಯಲ್ಲಿ ಕೂಗುತ್ತಿದ್ದಳು. ಇವರು ಸಮಾಧಾನದಿಂದ, “ಏನೂ ಆಗಿಲ್ಲವಾ, ನಾಳಿ ನೀರು ಬರ್ತದ, ಅಷ್ಟೇ,” ಅಂದರು.

ಆ ಕಡೆಯಿಂದ ಬಂತು ಉತ್ತರ. “ನೀರು ಬರ್ತದ ಅಂತ ಹೇಳಾಕ ಎರಡು ಮಿಸ್ ಕಾಲ್ ಕೊಡ್ತಾರೇನ್ರಿ ಯಾರರ? ನಾ ಅತ್ಗೋತ ನಾಕು ಮನಿ ಮಂದಿನ್ನ ಕೂಡಿಸೀನಿ. ಈಗ ಅವರಿಗೆ ಚಹಾ ಮಾಡಾಕ ನೀರಿಲ್ಲ!”

ಬರ್ತದ, ಬರಂಗಿಲ್ಲ

ಒಂದು ದಿನ ಠಾಣಾ ಕುಶನೂರ ಕಡೆಯ ಹಳ್ಳಿಯೊಂದಕ್ಕೆ ‘ನಾಳೆ ನೀರು ಬರುತ್ತದೆ’ ಅಂತ ಕರೆಗಳನ್ನು ಪಾಳಿಗೆ ಹಾಕಿದ್ದೆ. ಅಷ್ಟರಲ್ಲಿ ಆ ಟ್ಯಾಂಕರಿನ ಆಕ್ಸಲ್ ಮುರಿಯಿತು. ಕೂಡಲೇ ‘ನಾಳೆ ನೀರು ಬರುವುದಿಲ್ಲ’ ಅಂತ ಇನ್ನಷ್ಟು ಕರೆ ಹಿಂದೆಯೇ ಹಾಕಿದೆ. ಮೊದಲು ಹಾಕಿದ್ದು ಮೊದಲು ಹೋಗುತ್ತದೆ ಅಂತ ನನ್ನ ನಂಬಿಕೆ.

ಆದರೆ ಎಂಟು ವರ್ಕರ್‌ಗಳು ಒಂದರ ಮುಖ ಒಂದು ನೋಡುವುದಿಲ್ಲ. ಒಂದರ ಕರೆ ಬೇಗ ಮುಗಿಯುತ್ತದೆ, ಇನ್ನೊಂದರದು ಎಂಗೇಜ್ ಬಂದು ಹಿಂದೆ ಬೀಳುತ್ತದೆ. ಹೀಗಾಗಿ ಅರ್ಧ ಊರಿಗೆ ಮೊದಲು ‘ಬರುತ್ತದೆ’, ಆಮೇಲೆ ‘ಬರುವುದಿಲ್ಲ’. ಉಳಿದರ್ಧಕ್ಕೆ ಮೊದಲು ‘ಬರುವುದಿಲ್ಲ’, ಆಮೇಲೆ ‘ಬರುತ್ತದೆ’. ಮರುದಿನ ಅರ್ಧ ಊರು ಕೊಡ ಸಾಲಾಗಿಟ್ಟು ಬಿಸಿಲಲ್ಲಿ ಕಾದಿದೆ, ಇನ್ನರ್ಧ ಊರು ಅವರನ್ನು ನೋಡಿ ನಕ್ಕಿದೆ. ನಕ್ಕಿದ್ದಕ್ಕೆ ಕೊಡಗಳು ಹಾರಾಡಿವೆ.

ಮಧ್ಯಾಹ್ನ ಆ ಊರಿನ ಒಬ್ಬ ಅಜ್ಜಿಯ ಫೋನ್ ಬಂತು. ಬೈಗುಳಕ್ಕೆ ನಾನು ಕಿವಿ ಗಟ್ಟಿ ಮಾಡಿಕೊಂಡು ಕೂತೆ. ಅಜ್ಜಿ ಬೈಯಲಿಲ್ಲ. ಕನಿಕರದಿಂದಲೇ ಕೇಳಿದರು.

“ಯವ್ವಾ, ನಿಮ್ಮ ಮನ್ಯಾಗ ಹಿರಿಯರು ಯಾರೂ ಇಲ್ಲೇನು? ಮದಲ ಒಳಗ ಕುಂತು ಜಗಳ ಬಗೀಹರಸ್ಕೋರಿ. ಆಮ್ಯಾಲ ಯಾರರ ಒಬ್ರು ಫೋನ್ ಹಚ್ರಿ.”

ಭಾಲ್ಕಿಯ ಪೈಪು

ಕರೆಗಳಾಯಿತು, ಇನ್ನು ಟ್ಯಾಂಕರ್ ತುಂಬಿಸುವ ಪಾಳಿಯನ್ನೂ ವರ್ಕರ್‌ಗಳಿಗೇ ಒಪ್ಪಿಸೋಣ ಅಂತ ನನಗೆ ದುರ್ಬುದ್ಧಿ ಬಂತು. ಭಾಲ್ಕಿಯಲ್ಲಿ ನಮ್ಮವು ಎರಡು ಟ್ಯಾಂಕರ್. ನೀರು ತುಂಬುವ ಬೋರಿನ ಜಾಗ ಒಂದೇ, ದಪ್ಪ ಪೈಪೂ ಒಂದೇ. ತುಂಬಬೇಕಾದರೆ ಎರಡೂ ಬೇಕು. ಅವತ್ತು ಬೆಳಿಗ್ಗೆ ಒಂದು ವರ್ಕರ್ ಮೊದಲ ಟ್ಯಾಂಕರಿಗೆ ಜಾಗ ಹಿಡಿಯಿತು. ಅದೇ ಕ್ಷಣಕ್ಕೆ ಇನ್ನೊಂದು ವರ್ಕರ್ ಎರಡನೆಯ ಟ್ಯಾಂಕರಿಗೆ ಪೈಪು ಹಿಡಿಯಿತು. ಇದು ಪೈಪಿಗಾಗಿ ಕಾದಿತು, ಅದು ಜಾಗಕ್ಕಾಗಿ ಕಾದಿತು. ಇಬ್ಬರು ಡ್ರೈವರುಗಳಿಗೂ ‘ಕಾಯಿರಿ, ಇದ್ದದ್ದನ್ನು ಬಿಟ್ಟುಕೊಡಬೇಡಿ’ ಅಂತ ಸುದ್ದಿ ಹೋಯಿತು.

ಮಧ್ಯಾಹ್ನ ಒಂದು ಗಂಟೆಯಾದರೂ ಒಂದು ಟ್ಯಾಂಕರೂ ಹೊರಟಿಲ್ಲ. ನಾನು ಗಾಬರಿಯಾಗಿ ಮೊದಲನೆಯ ಡ್ರೈವರಿಗೆ ಫೋನ್ ಮಾಡಿದೆ.

“ಯಾಕ ಇನ್ನಾ ತುಂಬಿಲ್ಲ?”

“ಪೈಪಿಲ್ರಿ ಅಕ್ಕಾ.”

“ಪೈಪ್ ಎಲ್ಲಿ ಹೋಗ್ಯದ?”

“ಎರಡನೇ ಗಾಡಿ ಡ್ರೈವರ್ ಹತ್ರ ಅದರಿ.”

“ಅವರು ಎಲ್ಲಿದ್ದಾರ?”

“ನನ್ನ ಬಾಜೂಕೇ ಕುಂತಾರ್ರಿ. ಬುತ್ತಿ ಬಿಚ್ಚೇವಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಹಂಗಾದ್ರ ತಗೋರಿ ಅವರ ಕಡಿಂದ!”

“ಬಿಟ್ಟುಕೊಡಬ್ಯಾಡ ಅಂತ ನಿಮ್ಮ ಮಶಿನೇ ಹೇಳೇದಲ್ರಿ. ಹ್ವಾದ ವಾರ ಅದರ ಮಾತು ಕೇಳಿಲ್ಲ ಅಂತ ಸಾಹೇಬ್ರು ಬೈದು ಹಜಾಮತ್ ಮಾಡ್ಯಾರ್ರಿ.”

“ಬೆಳಿಗ್ಗಿಯಿಂದ ಬಾಜೂಕ ಬಾಜೂಕ ಕುಂತು ಒಂದ್ ಮಾತರ ಆಡಬೇಕೋ ಬ್ಯಾಡೋ ನೀವು?”

“ಅಯ್ಯ, ಮಾತಾಡೇವ್ರಿ ಅಕ್ಕಾ. ಮಾತಾಡ್ತಾ ಮಾತಾಡ್ತಾ ನನ್ನ ಮಗಳಿಗಿ ಅವರ ತಮ್ಮನ್ನ ಗೊತ್ತು ಮಾಡೀವಿ. ನೀವು ಇನ್ನೊಂದು ತಾಸು ತಡದಿದ್ರ ತಿಥಿನೂ ತೆಗಸ್ತಿದ್ದೆವು.”

ನೂರಕ್ಕೆ ನೂರು

ಇಷ್ಟೆಲ್ಲ ಆದ ಮೇಲೂ ನನ್ನ ನೌಕರಿ ಉಳಿದಿತ್ತು ಅಂದರೆ ಅದಕ್ಕೆ ಕಾರಣ ಔರಾದ ತಾಲೂಕಿನ ಒಂದು ಸಣ್ಣ ಊರು. ಅಲ್ಲಿ ನೂರಾ ಹತ್ತು ಮನೆ. ಬೇರೆ ಊರುಗಳಲ್ಲಿ ನೂರಕ್ಕೆ ಅರವತ್ತು ಮನೆಯವರು ಒಂದು ಒತ್ತಿದರೆ ಅದೇ ಹೆಚ್ಚು. ಈ ಊರಲ್ಲಿ ಪ್ರತಿ ವಾರ ನೂರಾ ಹತ್ತಕ್ಕೆ ನೂರಾ ಹತ್ತು! ಮಾಲೀಕರು ಕೇಳಿದ್ದ ಆ ಒಂದೇ ಒಂದು ಊರು ಸಿಕ್ಕೇಬಿಟ್ಟಿತು. ನಾನು ಪುಣೆಗೆ ಫೋನ್ ಮಾಡಿ, ನನ್ನ ದಾರಿ ಕಾಯಬೇಡಿ ಅಂತ ಜಂಬದಿಂದ ಹೇಳಿದೆ.

ಒಂದೇ ವಿಚಿತ್ರ. ಈ ಊರಿನ ಕರೆಗಳು ಮುಗಿಯಲು ಮಾತ್ರ ಮಧ್ಯಾಹ್ನವಾಗುತ್ತಿತ್ತು. ಬೇಗ ಮುಗಿಯಲಿ ಅಂತ ಎಂಟು ವರ್ಕರ್‌ಗಳನ್ನು ಇಪ್ಪತ್ತು ಮಾಡಿದೆ, ಲೈನೂ ಹೆಚ್ಚಿಸಿದೆ. ಇನ್ನೂ ತಡವಾಯಿತು. ಹತ್ತು ಮಂದಿ ಕೂಡಿದಲ್ಲಿ ಹಾವು ಸಾಯುವುದಿಲ್ಲ ಅಂತಾರಲ್ಲ, ಹಾಗೆ.

ಮಾಲೀಕರಿಗೆ ಆ ಊರಿನ ಮೇಲೆ ಭಾರಿ ಪ್ರೀತಿ ಬಂತು. “ಇಂಥಾ ಶಿಸ್ತಿನ ಮಂದಿನ್ನ ನೋಡಬೇಕ್ರಿ. ಊರ ಹಿರಿಯರಿಗೆ ಒಂದು ಶಾಲು ಹಾಕೂಣು,” ಅಂದರು. ಮರುದಿನವೇ ಜೀಪಿನಲ್ಲಿ ಹೊರಟೆವು. ಮುಂದೆ ಮಾಲೀಕರು, ಹಿಂದೆ ನಾನು ಮತ್ತು ಶಾಲು ಹಿಡಿದ ಕಾರಕೂನರು.

ಊರು ಹೊಕ್ಕಾಗ ಹನ್ನೊಂದು ಗಂಟೆ. ಮೊದಲ ಮನೆಗೆ ಕೀಲಿ. ಎರಡನೆಯದಕ್ಕೂ ಕೀಲಿ. ಓಣಿಯ ಉದ್ದಕ್ಕೂ ಕೀಲಿ. ಪ್ರತಿ ಮನೆಯ ಮುಂದೆ ಒಂದು ಡ್ರಮ್ಮು, ಡ್ರಮ್ಮಿನ ತುಂಬ ನೀರು. ಒಂದು ಎಮ್ಮೆ ಒಂದರಲ್ಲಿ ಬಾಯಿ ಹಾಕಿ ನಮ್ಮನ್ನೇ ನೋಡುತ್ತಿತ್ತು. ಇಡೀ ಜಿಲ್ಲೆ ಕೊಡ ಹಿಡಿದು ಹೊಡೆದಾಡುವಾಗ, ಮನುಷ್ಯರೇ ಇಲ್ಲದ ಊರಲ್ಲಿ ನೀರು ತುಂಬಿ ತುಳುಕುತ್ತಿದೆ!

ಊರಲ್ಲಿ ಕೇಳುತ್ತಿದ್ದ ಸದ್ದು ಒಂದೇ, ಫೋನ್ ರಿಂಗಿನದು. ಅದು ಹಿಟ್ಟಿನ ಗಿರಣಿಯಿಂದ ಬರುತ್ತಿತ್ತು. ಹೋಗಿ ಇಣುಕಿದೆವು. ಗಿರಣಿ ಬಂದ್. ಅದರ ಕಟ್ಟೆಯ ಮೇಲೆ ಗಿರಣಿ ನಡೆಸುವ ಅರವತ್ತು ದಾಟಿದ ಕಾಕಾ ಒಬ್ಬರೇ ಕೂತಿದ್ದಾರೆ. ಕಿವಿಯಲ್ಲಿ ಫೋನು. ಮುದುಕಿಯ ದನಿಯಲ್ಲಿ ಮಾತಾಡುತ್ತಿದ್ದಾರೆ.

“ಹೂಂ ನನ್ನಪ್ಪಾ, ಮುಟ್ಟೇದಪಾ, ನೂರು ವರ್ಷ ಬಾಳು.” ಒಂದು ಒತ್ತಿದರು. ಫೋನ್ ಇಡುವಷ್ಟರಲ್ಲಿ ಮತ್ತೆ ರಿಂಗಾಯಿತು. ಈ ಸಲ ಗಂಟಲು ಸರಿಮಾಡಿಕೊಂಡು ಭಾರಿ ದನಿ. “ಹಾಂ, ಮಾಸ್ತರ ಮನೀನೇ. ತಿಳೀತು.” ಒಂದು. ಮತ್ತೆ ರಿಂಗು. “ಹೋ ಹೋ, ಕಳಲಂ, ಕಳಲಂ.” ಅದು ಮರಾಠಿ ಮಾತಾಡುವ ಮನೆ, ತಿಳಿಯಿತು ಅಂತ ಅರ್ಥ. ಒಂದು. ಮತ್ತೆ ರಿಂಗು. ಈ ಸಲ ಹೊಸ ಸೊಸೆಯ ನಾಚಿಕೆಯ ದನಿ, ತಲೆಯ ಮೇಲಿನ ಟವೆಲನ್ನು ಸೆರಗಿನ ಹಾಗೆ ಮುಂದಕ್ಕೆ ಎಳೆದುಕೊಂಡರು.

ಕಾರಕೂನರ ಕೈಯಿಂದ ಶಾಲು ಜಾರಿತು.

“ಏನ್ರೀ ಇದು?” ಮಾಲೀಕರು ಕೂಗಿದರು.

ಕಾಕಾ ನಮ್ಮನ್ನು ನೋಡಿ ಹೌಹಾರಿದರು. ನಾವು ಯಾರೆಂದು ತಿಳಿದ ಮೇಲೆ ಕೈ ಮುಗಿದು ಎಲ್ಲ ಹೇಳಿದರು. “ದುಡಿಲಾಕ ಹೋಗೋವಾಗ ಎಲ್ರೂ ನನ್ನ ನಂಬರೇ ಬರಸಿ ಹೋಗ್ಯಾರ್ರಿ. ಕಾಕಾ, ನೀರಿನ ಫೋನ್ ಬಂದ್ರ ಹೂಂ ಅನ್ನು, ಇಲ್ಲಂದ್ರ ಲಿಸ್ಟಿನಾಗಿಂದ ನಮ್ಮ ಹೆಸರು ಹೊಡದು ಹಾಕ್ತಾರ, ನಾವು ಹೊಳ್ಳಿ ಬಂದಾಗ ನೀರಿರಂಗಿಲ್ಲ ಅಂದ್ರು. ಅದಕ್ಕ ಒಂದು ಹೆಸರೂ ಬಿಟ್ಟಿಲ್ರಿ ನಾ. ವಾರಾ ವಾರಾ ಹಳೀ ನೀರು ದನಕ್ಕ ಹಾಕಿ ಡ್ರಮ್ ಖಾಲಿ ಇಡ್ತೇನಿ. ಮದಲ ಬರಾಬರ್ ಇತ್ತರಿ. ಹ್ವಾದ ತಿಂಗಳಿಂದ ಒಂದಕ್ಕ ಹೂಂ ಅನ್ನೂದ್ರಾಗ ಹತ್ತು ಬಂದು ಬೀಳ್ತಾವ, ಉಸುರಾಡಾಕ ಬಿಡವಲ್ದು.”

ಇಪ್ಪತ್ತು ವರ್ಕರ್‌ಗಳು, ಒಂದು ಫೋನು! ಹತ್ತೊಂಬತ್ತಕ್ಕೆ ಎಂಗೇಜ್, ಅವೆಲ್ಲ ಮತ್ತೆ ಪಾಳಿಗೆ. ಮಾಡಿದ್ದುಣ್ಣೋ ಮಹರಾಯ ಅಂತ ಹಣೆ ಹಣೆ ಬಡಿದುಕೊಂಡೆ.

“ಅದಿರ್ಲಿ ಕಾಕಾ, ದನಿ ಯಾಕ ಬದ್ಲಿ ಮಾಡ್ತೀರಿ?” ಅಂತ ಕೇಳಿದೆ.

“ಒಬ್ಬನೇ ಅಂತ ಕಂಪ್ಯೂಟರಿಗಿ ಗುರ್ತ ಹತ್ತಿದ್ರ?”

“ಅದಕ್ಕ ಕಿವೀನೇ ಇಲ್ರಿ ಕಾಕಾ. ಸುಮ್ನ ಒಂದು ಒತ್ತಿದ್ರ ಸಾಕು.”

ಕಾಕಾ ನನ್ನ ಮುಖವನ್ನೇ ನೋಡಿದರು. ಊರೆಲ್ಲ ಖಾಲಿಯಾದಾಗಲೂ ಅವರು ಅಷ್ಟು ಕಂಗಾಲಾಗಿರಲಿಕ್ಕಿಲ್ಲ. “ಹಂಗಾರ ಎರಡು ತಿಂಗಳು ನಾ ಸೊಸಿ ಹಂಗ ನಾಚಿದ್ದು ಸುಳ್ಳೇ ಆತಲ್ಲೋ ಯಪ್ಪಾ!”

ಕಾರಕೂನರು ನಕ್ಕರು. ಮಾಲೀಕರು ನಗಲಿಲ್ಲ. “ಈ ಊರಿನ ಟ್ಯಾಂಕರ್ ಈಗಿಂದೀಗ ಬಂದ್. ಮೇಡಂ, ನಾಡದು ಬಂದು ಚೀಟಿ ತಗೋರಿ. ನಿಮ್ಮದೂ ಬಂದ್,” ಅಂದು ಜೀಪಿನ ಕಡೆ ನಡೆದರು.

ನನಗೆ ಅಳು ಬಂತು. ಇಷ್ಟೊಂದು ಕೀಲಿಗಳ ನಡುವೆ ನಿಂತು ನನ್ನ ಮನೆಯ ಕೀಲಿಯನ್ನೇ ನೆನೆದೆ. ಆದರೂ ಹೋಗುವ ಮುಂಚೆ ಪಟ್ಟಿಯನ್ನಾದರೂ ಸರಿ ಮಾಡಿ ಹೋಗೋಣ ಅಂತ ಕಾಕಾರನ್ನು ಎಲ್ಲರ ಖರೇ ನಂಬರು ಕೇಳಿದೆ. ಗಿರಣಿಯ ಗೋಡೆಯ ತುಂಬ ಇದ್ದಿಲಿನಲ್ಲಿ ಬರೆದಿಟ್ಟಿದ್ದರು. ಹೈದರಾಬಾದ್, ಪುಣೆ, ನೂರಾ ಹತ್ತೂ. ಫೋನಿನಲ್ಲಿ ಗೋಡೆಯ ಫೋಟೊ ತೆಗೆದುಕೊಂಡು ಬಂದು, ಆ ಮಧ್ಯಾಹ್ನವೇ ಆಫೀಸಿನಲ್ಲಿ ಕೂತು ಪಟ್ಟಿಗೆ ಏರಿಸಿದೆ. ದುಃಖದಲ್ಲಿ ಒಂದು ಮರೆತೆ. ನಂಬರು ಬದಲಾದರೆ ಕಂಪ್ಯೂಟರ್ ಆ ಮನೆಯ ಕರೆಯನ್ನು ಮತ್ತೆ ಪಾಳಿಗೆ ಹಾಕುತ್ತದೆ, ಅವನ್ನು ನಾನು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತು ವರ್ಕರ್‌ಗಳೂ ತಾವಾಗಿಯೇ ಎದ್ದು ಹೈದರಾಬಾದಿಗೆ, ಪುಣೆಗೆ ಡಯಲ್ ಮಾಡಿದವು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ‘ನಾಳೆ ನಿಮ್ಮ ಮನೆಗೆ ನೀರು ಬರುತ್ತದೆ’ ಅಂದವು. ಹತ್ತೇ ನಿಮಿಷದಲ್ಲಿ ಎಲ್ಲ ಮುಗಿಯಿತು. ನಾನು ಪರದೆ ನೋಡಿ ಬೆವೆತುಹೋದೆ. ಯಾರಿಗೂ ಹೇಳಲಿಲ್ಲ.

ಅದರ ಮರುದಿನ ಮಾಲೀಕರು ನನ್ನ ಚೀಟಿಗೆ ಸಹಿ ಮಾಡಲು ಪೆನ್ನು ತೆಗೆದಿದ್ದರು. ಅವರ ಮೇಜಿನ ಮೇಲಿನ ಫೋನ್ ರಿಂಗಾಯಿತು. ಸ್ಪೀಕರ್ ಹಾಕಿದರು. ಗಿರಣಿ ಕಾಕಾ.

“ಸಾಹೇಬ್ರ, ಟ್ಯಾಂಕರ್ ಬಂದ್ ಮಾಡಬ್ಯಾಡ್ರಿ! ಮಂದಿ ಬರ್ಲತ್ತಾರ್ರಿ, ಖರೇ ಮಂದಿ! ಭಾಲ್ಕಿ ಸ್ಟೇಷನ್‌ನಾಗ ಇಳದು ಟಮಟಂ ಆಟೋ ತುಂಬ್ಕೊಂಡು ಬರ್ಲತ್ತಾರ. ಬೆಳಿಗ್ಗಿಯಿಂದ ಹನ್ನೊಂದು ಮನಿ ಕೀಲಿ ತೆಗದಾವ. ನೀರು ಬರ್ತದಂತ, ಊರಾಗೇ ಇರ್ತೇವಿ ಅಂತಾರ. ಗಿರಣಿ ಮುಂದ ಜ್ವಾಳದ ಪಾಳಿ ನಿಂತದ್ರಿ!”

ಮಾಲೀಕರ ಪೆನ್ನು ಗಾಳಿಯಲ್ಲೇ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿದರು.

“ಎಷ್ಟು ಮನಿಗಿ ಫೋನ್ ಹೋಗ್ಯದ?”

“ನೂರಾ ಹತ್ತು,” ಅಂದೆ.

“ಒಂದು ಒತ್ತಿದವರು?”

“ನೂರಾ ಹತ್ತೂ ಮನೀರಿ. ಈ ಸಲ ಅವರವರೇ.”

“ಬಂದದ್ದು ಹನ್ನೊಂದು. ಉಳದ ತೊಂಬತ್ತೊಂಬತ್ತು?”

“ದಾರಿ ಮ್ಯಾಲ ಇರಬೇಕ್ರಿ.”

ಮಾಲೀಕರು ಕುರ್ಚಿಯಲ್ಲಿ ಕುಸಿದರು. ಮುಂದಿದ್ದ ಚೀಟಿಯನ್ನು ನೋಡಿದರು. ಅದನ್ನೇ ಎತ್ತಿಕೊಂಡು ಬೆವರಿದ ಮುಖಕ್ಕೆ ಗಾಳಿ ಹಾಕಿಕೊಂಡರು. ನಾನು ಮೆಲ್ಲಗೆ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಹೆಜ್ಜೆ ಇಟ್ಟೆ. ಹಿಂದಿನಿಂದ ಗುಡುಗಿದ ಹಾಗೆ ದನಿ ಬಂತು.

“ಎಲ್ಲಿ ಹೊಂಟೀರಿ? ಊರು ಬಿಟ್ಟ ಮಂದಿನ್ನೆಲ್ಲಾ ಹೊಳ್ಳಿ ಕರಸಿ ನೀವೊಬ್ರು ಊರು ಬಿಟ್ಟು ಓಡ್ಲತ್ತೀರೇನು? ಕುಂದರ್ರಿ ಸುಮ್ನ! ಆ ಊರಿಗಿ ಎರಡನೇ ಟ್ಯಾಂಕರ್ ಹುಡಕ್ರಿ!”